ಮೊಹರಕ್ಕನ ಇಪ್ಪತ್ತಮೂರು ನಿಮಿಷ

ಬೆಳಗಿನ ಐದು ಗಂಟೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಚ್ಚರವಾಗಿರುವುದು ಎರಡೇ ಜೀವ. ಒಬ್ಬರು ರಾತ್ರಿ ಪಾಳಿ ಮುಗಿಸುತ್ತಿರುವ ಹಿರಿಯ ನರ್ಸ್, ಇನ್ನೊಬ್ಬರು ಮೊಹರಕ್ಕ. ಕಾರಿಡಾರಿನ ಕೊನೆಯ ಬಾಗಿಲ ಹೊರಗೆ ಒಂದು ಸ್ಟೂಲು, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಬೋಗುಣಿ. ಇಬ್ಬರೂ ಮೊಬೈಲ್ ಆಫ್ ಮಾಡಿ, ಕೈಗಡಿಯಾರ ಬಿಚ್ಚಿ ಬೋಗುಣಿಗೆ ಹಾಕುತ್ತಾರೆ. ನರ್ಸ್ ಕಿವಿಯೋಲೆ ಮುಟ್ಟಿಕೊಂಡು, “ಇದೂ ಬಿಚ್ಚಬೇಕಾ?” ಎನ್ನುತ್ತಾರೆ.

“ಅದು ಹೊರಗಿನೋರ ಜೊತೆ ಮಾತಾಡುತ್ತಾ ಸಿಸ್ಟರ್? ಇಲ್ಲ ತಾನೇ? ಇರಲಿ ಬಿಡಿ.”

ಒಳಗೆ ಒಂದು ಕಬ್ಬಿಣದ ಬೀರು. ಅದಕ್ಕೆ ಎರಡು ಬೀಗ, ಎರಡು ಕೀಲಿ. ಒಂದು ನರ್ಸ್ ಕೈಯಲ್ಲಿ, ಒಂದು ಮೊಹರಕ್ಕನ ಸೊಂಟದಲ್ಲಿ. ಇಬ್ಬರೂ ಬಂದರೆ ಮಾತ್ರ ಬೀರು ಬಾಯಿ ಬಿಡುತ್ತದೆ. ಮೊಹರಕ್ಕ ಎರಡೂ ಕೈ ಚಾಚಿ, ಬಾಣಂತಿ ಕೋಣೆಯಿಂದ ಕೂಸನ್ನು ಎತ್ತಿಕೊಳ್ಳುವ ಹಾಗೆ, ಒಂದು ಹಳೇ ಕಂಪ್ಯೂಟರನ್ನು ಎತ್ತಿ ಮೇಜಿನ ಮೇಲಿಡುತ್ತಾಳೆ. ಅದರ ಹೆಸರು ಅಜ್ಜಿ. ಹುಟ್ಟಿದಾಗಿನಿಂದ ಒಂದೇ ಒಂದು ಸಲವೂ ಯಾವ ನೆಟ್‌ವರ್ಕಿಗೂ ಸೇರದ, ಹೊರಗಿನ ಗಾಳಿಯೇ ಸೋಕದ ಯಂತ್ರ. ವರ್ಷಕ್ಕೊಮ್ಮೆ ಎಬ್ಬಿಸಿದರೆ ಹೆಚ್ಚು.

ಈ ಹೆಂಗಸಿನ ಕೆಲಸ ಏನು ಎಂದು ಆಸ್ಪತ್ರೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಕಕ್ಕಾಬಿಕ್ಕಿಯಾಗುತ್ತಾರೆ. ಕ್ಯಾಂಟೀನಿನವನಿಗೆ ಆಕೆ ಕಂಪ್ಯೂಟರ್ ರಿಪೇರಿಯವಳು. ಲಿಫ್ಟಿನವನಿಗೆ ಪಾಸ್‌ವರ್ಡ್ ಕೊಡುವವಳು. ಬಸ್ ಡ್ರೈವರಾಗಿರುವ ಗಂಡನ ಪಾಡಂತೂ ಕೇಳಲೇಬೇಡಿ. “ಮದುವೆಮನೆಯಲ್ಲಿ ಒಬ್ಬರು ಕೇಳ್ತಾರೆ, ನಿಮ್ಮ ಯಜಮಾನ್ತಿ ಏನು ಮಾಡ್ತಾರೆ ಅಂತ. ಒಂದು ಸಲ ಬೀಗ ಅಂತೀನಿ, ಇನ್ನೊಂದು ಸಲ ಮೊಹರು ಅಂತೀನಿ. ಹೋದ ಸಲ ‘ಮಿಷನ್ನುಗಳಿಗೆ ಸಂಬಂಧ ಕುದುರಿಸ್ತಾಳೆ’ ಅಂದುಬಿಟ್ಟೆ. ಅವರು ಊಟ ಬಿಟ್ಟು ನನ್ನ ಮುಖಾನೇ ನೋಡಿದರು.”

ಡ್ರೈವರ್ ಸಾಹೇಬರು ಅಂದದ್ದು ಪೂರ್ತಿ ತಪ್ಪೇನಲ್ಲ. ಆಸ್ಪತ್ರೆಯಲ್ಲಿ ಆರುನೂರ ನಲವತ್ತು ಯಂತ್ರಗಳಿವೆ. ರಕ್ತ ಪರೀಕ್ಷೆಯ ಯಂತ್ರ ತನ್ನ ವರದಿಯನ್ನು ಆಪರೇಷನ್ ಥಿಯೇಟರಿನ ಪರದೆಗೆ ಕಳಿಸಬೇಕು. ಆದರೆ ಕಳಿಸುತ್ತಿರುವುದು ನಿಜವಾಗಿ ಆ ಯಂತ್ರವೋ, ಅದರ ವೇಷ ಹಾಕಿದ ಬೇರೆ ಯಾವುದೋ? ನಡುವೆ ಯಾರೂ ಓದಿ ತಿದ್ದಿಲ್ಲ ಎಂಬುದಕ್ಕೆ ಏನು ಖಾತ್ರಿ? ಅದಕ್ಕೇ ಪ್ರತಿ ಯಂತ್ರಕ್ಕೂ ಒಂದು ಡಿಜಿಟಲ್ ಪ್ರಮಾಣಪತ್ರ. ಮೊಹರಕ್ಕನ ಬಾಯಲ್ಲಿ ಅದು ಗುರುತಿನ ಚೀಟಿ. ಚೀಟಿ ಕೊಡುವ ಕಂಪ್ಯೂಟರಿಗೆ ಆಕೆ ಇಟ್ಟ ಹೆಸರು ತಾಯಿ. ಇದು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ದಿನವಿಡೀ ಕೆಲಸ ಮಾಡುತ್ತದೆ. ತಾಯಿಯನ್ನು ನಂಬಬಹುದು ಎಂದು ಮೊಹರು ಹಾಕುವವಳು ಅಜ್ಜಿ. ಈ ಮೂರು ತಲೆಮಾರಿನ ಸಂಸಾರಕ್ಕೇ ಕಾಗದಪತ್ರದಲ್ಲಿ ಸರ್ಟಿಫಿಕೇಟ್ ಅಥಾರಿಟಿ ಎಂಬ ದೊಡ್ಡ ಹೆಸರು.

“ಚೀಟಿಯ ಆಯುಷ್ಯ ಮೂರು ತಿಂಗಳು. ಹಾಗಾಗಿ ದಿನಕ್ಕೆ ಎಂಟೋ ಒಂಬತ್ತೋ ಹೊಸದು ಮಾಡ್ತಾನೇ ಇರಬೇಕು. ತಾಯಿಗೆ ಐದು ವರ್ಷ,” ಎನ್ನುತ್ತಾಳೆ ಮೊಹರಕ್ಕ. “ಇವತ್ತು ಬೆಳಿಗ್ಗೆ ಆರೂವರೆಗೆ ತಾಯಿಯ ಐದು ವರ್ಷ ಮುಗೀತದೆ. ಅಷ್ಟರೊಳಗೆ ಅಜ್ಜಿ ಹೊಸ ಮೊಹರು ಹಾಕಬೇಕು.”

ಮುಗಿದರೆ? ಮುಗಿದರೆ ತಾಯಿ ಕೊಟ್ಟ ಚೀಟಿಗಳನ್ನೆಲ್ಲ ಯಾರೂ ನಂಬುವುದಿಲ್ಲ. ಏಳು ಗಂಟೆಗೆ ಮೊದಲ ಶಸ್ತ್ರಚಿಕಿತ್ಸೆ. ರಕ್ತದ ವರದಿ ಪರದೆಗೆ ಬಾರದೆ ಡಾಕ್ಟರು ಕೈ ಕಟ್ಟಿಕೊಂಡು ನಿಲ್ಲಬೇಕಾಗುತ್ತದೆ. ಇಷ್ಟು ಸಾಲದು ಎಂಬಂತೆ ಗೋಡೆಗೆ ಒಂದು ಸುತ್ತೋಲೆ ಅಂಟಿಸಿದ್ದಾರೆ. ಈ ವಿಭಾಗದಲ್ಲಿ ಇನ್ನೊಂದು ಲೋಪ ಕಂಡರೂ ಕೆಲಸವನ್ನು ಹೊರಗಿನ ಕಂಪನಿಗೆ ವಹಿಸಲಾಗುವುದು ಎಂದು ಆಡಳಿತಾಧಿಕಾರಿಯ ಸಹಿ. ‘ಇನ್ನೊಂದು’ ಎಂದರೆ ಮೊದಲನೆಯದು ಯಾವುದು ಎಂದು ಮೊಹರಕ್ಕನಿಗೆ ಇವತ್ತಿಗೂ ತಿಳಿದಿಲ್ಲ. ಕೇಳಲು ಹೋಗಿಲ್ಲ.

ಮೊಹರಕ್ಕ ಓದಿ ಬಂದ ಇಂಜಿನಿಯರಲ್ಲ. ಹದಿನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಕರೆ ಜೋಡಿಸುವ ಆ ಬೋರ್ಡು ಮುಚ್ಚಿದಾಗ, ಖಾಲಿ ಕೂತಿದ್ದಾಳಲ್ಲ ಎಂದು ಈ ಕೆಲಸಕ್ಕೆ ತಳ್ಳಿದರು. ಒಬ್ಬ ಇಂಜಿನಿಯರ್ ಬಂದು ಮೂರು ದಿನದಲ್ಲಿ ಎಲ್ಲ ಹೊಂದಿಸಿ, ನಲವತ್ತು ಪುಟದ ನೋಟ್‌ಬುಕ್ ಕೈಗಿಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. “ಪುಟ ಹನ್ನೊಂದರಲ್ಲಿ ‘ಮುಂದಿನದು ಎಂದಿನಂತೆ’ ಅಂತ ಬರೆದಿದ್ದರು. ಎಂದಿನಂತೆ ಅಂದ್ರೆ ಹೆಂಗೆ? ನನಗೆ ಅದೇ ಮೊದಲು! ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟಿದ್ದೆ.” ಸ್ಕೂಲಿಗೆ ಹೋಗುತ್ತಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಿಕ್ಷನರಿ ತೆರೆದುಕೊಂಡು, ಒಂದೊಂದೇ ಸಾಲು ಬಿಡಿಸಿದಳು. ತಾಯಿ ಯಾರಿಗೆಲ್ಲ ಚೀಟಿ ಕೊಡಬಹುದು, ಎಷ್ಟು ದಿನಕ್ಕೆ, ಯಾರಿಗೆ ಕೊಡಕೂಡದು ಎಂಬ ಕಟ್ಟಳೆಗಳನ್ನೆಲ್ಲ ಆಮೇಲೆ ತಾನೇ ಹೊಸದಾಗಿ ಬರೆದಳು. ಅದರಲ್ಲಿ ಆಕೆಗೆ ಇಷ್ಟವಾದದ್ದು ಒಂದಿದೆ. ತಾಯಿ ಎಷ್ಟು ಮಕ್ಕಳನ್ನಾದರೂ ಹೆರಬಹುದು, ಇನ್ನೊಬ್ಬ ತಾಯಿಯನ್ನು ಮಾತ್ರ ಹೆರುವಂತಿಲ್ಲ. ಅದು ಅಜ್ಜಿಯೊಬ್ಬಳಿಗೇ ಇರುವ ಹಕ್ಕು. “ನಮ್ಮತ್ತೆಗೆ ಇದನ್ನ ಹೇಳಿದೆ. ನಿಮ್ಮ ಆಫೀಸು ನನಗೆ ಹಿಡಿಸ್ತು ಕಣೇ ಅಂದರು.”

ಅಜ್ಜಿ ಏಳುತ್ತಾಳೆ. ಇವತ್ತು ಯಾಕೋ ಎದ್ದವಳೇ ಹೊಸ ರಾಗ ತೆಗೆಯುತ್ತಾಳೆ. ಈಗ ತಾರೀಕು ಎಷ್ಟು, ಗಂಟೆ ಎಷ್ಟು ಎಂದು ಪರದೆಯಲ್ಲಿ ಕೇಳುತ್ತಾಳೆ. ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ, ಕಾಲವೇ ಮರೆತುಹೋಗಿದೆ. ನೆಟ್‌ವರ್ಕಿನಲ್ಲಿದ್ದರೆ ಬೇರೆ ಯಂತ್ರವನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. ಇವಳಿಗೆ ಯಾರು ಹೇಳಬೇಕು? ಮೊಹರಕ್ಕ ತಲೆಯೆತ್ತಿ ಗೋಡೆ ಗಡಿಯಾರ ನೋಡುತ್ತಾಳೆ. ಐದು ನಲವತ್ತಮೂರು. ನರ್ಸ್ ಜೋರಾಗಿ ಓದಿ ಹೇಳುತ್ತಾರೆ, ಮೊಹರಕ್ಕ ಟೈಪ್ ಮಾಡುತ್ತಾಳೆ, ನರ್ಸ್ ಅದನ್ನೇ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಆಮೇಲೆ ಇಬ್ಬರೂ ಸರದಿಯಲ್ಲಿ, ಒಬ್ಬರು ಬೆನ್ನು ತಿರುಗಿಸಿ ನಿಂತಾಗ ಇನ್ನೊಬ್ಬರು, ಪಾಸ್‌ವರ್ಡಿನ ಅರ್ಧರ್ಧ ಹೊಡೆಯುತ್ತಾರೆ. ಗಡಿಯಾರದಲ್ಲಿ ಆರು ದಾಟಿ ನಾಲ್ಕು ನಿಮಿಷಕ್ಕೆ ಅಜ್ಜಿಯ ಮೊಹರು ಬೀಳುತ್ತದೆ. ತಾಯಿಯ ಹೊಸ ಪ್ರಮಾಣಪತ್ರ ಒಂದು ಪೆನ್‌ಡ್ರೈವಿಗೆ ಇಳಿಯುತ್ತದೆ. ನಾಲ್ಕು ಹೆಜ್ಜೆ ನಡೆದು ಅದನ್ನು ತಾಯಿಯ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು.

ಮುಗಿಯುವುದಿಲ್ಲ. ‘ಪತ್ರದ ಅವಧಿ ಸರಿಯಿಲ್ಲ’ ಎನ್ನುತ್ತದೆ ಪರದೆ.

“ಏನಂತೆ?”

“ಅವಧಿ ಸರಿಯಿಲ್ವಂತೆ.”

“ಅವಧಿ ಮುಗಿದಿದೆ ಅಂತಲಾ?”

“ಈಗ ಹುಟ್ಟಿದ್ದು ಸಿಸ್ಟರ್, ಐದು ನಿಮಿಷ ಆಯ್ತು. ಅದ್ಹೆಂಗೆ ಮುಗೀತದೆ?”

ಮೊಹರಕ್ಕ ಪತ್ರ ತೆರೆದು ನೋಡುತ್ತಾಳೆ. ಪರದೆಯಲ್ಲಿ ಬರೀ ತಾರೀಕು ಕಾಣುತ್ತದೆ. ಶುರು ಇವತ್ತು, ಕೊನೆ ಐದು ವರ್ಷಕ್ಕೆ. ದಿನ ಸರಿ, ತಿಂಗಳು ಸರಿ, ವರ್ಷ ಸರಿ. ರಿಜಿಸ್ಟರ್ ಜೊತೆ ತಾಳೆ ನೋಡಿದರೆ ಅದೂ ಸರಿ. ಮತ್ತೆ ಹಾಕುತ್ತಾಳೆ. ಅದೇ ಉತ್ತರ. ಪೆನ್‌ಡ್ರೈವ್ ತೆಗೆದು, ಸೆರಗಿನಲ್ಲಿ ಒರೆಸಿ, ಇನ್ನೊಮ್ಮೆ ಹಾಕುತ್ತಾಳೆ. ಒರೆಸಿದರೆ ಏನೂ ಆಗುವುದಿಲ್ಲ ಎಂದು ಆಕೆಗೂ ಗೊತ್ತು. ಗಡಿಯಾರ ಆರು ಹದಿನೆಂಟು. ಹನ್ನೆರಡು ನಿಮಿಷ ಉಳಿದಿದೆ.

“ತಲೆಬುಡ ಅರ್ಥ ಆಗ್ತಿಲ್ಲ. ಎಲ್ಲಾ ಸರಿ ಇದೆ, ಸರಿ ಇಲ್ಲ ಅಂತದೆ.” ನೋಟ್‌ಬುಕ್ಕಿನ ನಲವತ್ತೂ ಪುಟ ತಿರುವುತ್ತಾಳೆ. ಅಲ್ಲಿಯೂ ಏನಿಲ್ಲ. ಅಜ್ಜಿಯ ಮೊಹರು ಕೆಟ್ಟಿದೆಯೇ? ಕಟ್ಟಳೆ ಬರೆಯುವಾಗ ಎಲ್ಲಾದರೂ ಕೈ ತಪ್ಪಿತೇ? ಹೋದ ಸಲ, ಅದರ ಹಿಂದಿನ ಸಲ ಹೀಗಾಗಿರಲಿಲ್ಲ. ನರ್ಸ್ ಪಾಪ, ಮುಂದೇನು ಎಂದು ತಿಳಿಯದೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಾರೆ. “ಥಿಯೇಟರಿಗೆ ಹೇಳಿಬಿಡ್ಲಾ ಮೊಹರಕ್ಕ, ತಡ ಆಗುತ್ತೆ ಅಂತ?” ಮೊಹರಕ್ಕ ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕುತ್ತಾಳೆ. ಆರು ಇಪ್ಪತ್ತನಾಲ್ಕು. ಇನ್ನೊಮ್ಮೆ. ಇಲ್ಲ. ಆರು ಇಪ್ಪತ್ತಾರು. ಇಲ್ಲ. ಆರು ಇಪ್ಪತ್ತೆಂಟಕ್ಕೆ, ಇನ್ನು ದೇವರೇ ಗತಿ ಎಂದುಕೊಂಡು ಅದೇ ಪತ್ರವನ್ನು, ಅದೇ ಗುಂಡಿ ಒತ್ತಿ, ಅದೇ ರೀತಿಯಲ್ಲಿ ಹಾಕುತ್ತಾಳೆ.

ಸ್ವೀಕರಿಸಲಾಗಿದೆ.

ನರ್ಸ್ ‘ಅಬ್ಬಾ’ ಎಂದು ಕುರ್ಚಿಗೆ ಕುಸಿಯುತ್ತಾರೆ. ಎರಡೇ ನಿಮಿಷ ಇರುವಾಗ ಪಾರಾದೆವಲ್ಲ! ಇಬ್ಬರೂ ಅಜ್ಜಿಯನ್ನು ಮಲಗಿಸಿ, ಎರಡು ಬೀಗ ಜಡಿಯುತ್ತಾರೆ. ನರ್ಸ್ ಹೊರಗೆ ಹೋಗಿ ಬೋಗುಣಿಯಿಂದ ಕೈಗಡಿಯಾರ ತೆಗೆದು, ಕಿವಿಗೆ ಹಿಡಿದು, ಕೊಡವಿ, “ಇದರ ಬ್ಯಾಟರೀನೂ ಹೋಯ್ತಾ?” ಎಂದು ಗೊಣಗುತ್ತಾ ವಾರ್ಡಿಗೆ ನಡೆಯುತ್ತಾರೆ.

ಬೇರೆಯವರಾದರೆ ಇಲ್ಲಿಗೆ ಒಂದು ಕಾಫಿ ಕುಡಿದು ಮರೆತುಬಿಡುತ್ತಿದ್ದರು. ಮೊಹರಕ್ಕ ಮಾತ್ರ ರಿಜಿಸ್ಟರ್ ಮುಂದೆ ಪೆನ್ನು ಹಿಡಿದು ಕೂತೇ ಇದ್ದಾಳೆ. ಪ್ರತಿ ಪುಟದಲ್ಲೂ ‘ತೊಂದರೆ’ ಎಂದು ಒಂದು ಕಲಂ, ಅದರ ಪಕ್ಕ ‘ಕಾರಣ’ ಎಂದು ಇನ್ನೊಂದು. ಹದಿನಾಲ್ಕು ವರ್ಷದಲ್ಲಿ ಆಕೆ ತೊಂದರೆ ಬರೆದು ಕಾರಣ ಬರೆಯದೆ ಬಿಟ್ಟ ಪುಟ ಒಂದೂ ಇಲ್ಲ. “ಕೆಟ್ಟಿದ್ದು ಯಾಕೆ ಅಂತ ಗೊತ್ತಿಲ್ಲದಿದ್ರೆ ಹೋಗಲಿ. ಸರಿ ಹೋಗಿದ್ದು ಯಾಕೆ ಅಂತಾನೂ ಗೊತ್ತಿಲ್ವಲ್ಲ! ಅದು ನನಗೆ ಇನ್ನೂ ಭಯ.” ಅರ್ಧ ಗಂಟೆ ಹೀಗೇ ಕಳೆಯುತ್ತದೆ. ಮೇಲೆ ಥಿಯೇಟರಿನ ಪರದೆಗೆ ವರದಿಗಳು ಏನೂ ಆಗಿಲ್ಲವೆಂಬಂತೆ ಬಂದು ಕೂರುತ್ತಿವೆ.

ಅಷ್ಟರಲ್ಲಿ ಬಾಗಿಲು ತಟ್ಟಿ ಒಳಬರುವವರು ಬಟ್ಟೆ ಉಗ್ರಾಣದ ಹಿರಿಯರು. ಮೊನ್ನೆ ಮೊನ್ನೆಯವರೆಗೆ ಈ ಕೋಣೆ ಅವರದೇ ಆಗಿತ್ತು. ಹಾಸಿಗೆ ಬಟ್ಟೆಗಳನ್ನೆಲ್ಲ ಎದುರು ಕೋಣೆಗೆ ಸಾಗಿಸಿ ಇಲ್ಲಿಗೆ ಮೊಹರಕ್ಕನನ್ನು ತಂದು ಕೂರಿಸಿದ್ದಾರೆ.

“ತಾಯಿ, ನನ್ನ ಗಡಿಯಾರ ಇಲ್ಲೇ ಉಳಿದುಬಿಟ್ಟಿದೆ. ತಗೊಂಡು ಹೋಗ್ಲಾ?”

“ತಗೊಳ್ಳಿ ಅಣ್ಣ. ಗಂಟೆ ಏಳಾಯ್ತು ನೋಡಿ, ಚಾದರ ಹೋಯ್ತಾ ವಾರ್ಡಿಗೆ?”

“ಏಳಕ್ಕೆ ಇನ್ನೂ ಟೈಮಿದೆ ತಾಯಿ. ಇದು ಇಪ್ಪತ್ತಮೂರು ನಿಮಿಷ ಮುಂದೆ. ನಾನೇ ಇಟ್ಟಿದ್ದು. ಇಲ್ಲದಿದ್ರೆ ನನ್ನ ಕೈಕೆಳಗಿನ ಹುಡುಗಿಯರು ಚಾದರ ಹೊತ್ತಿಗೆ ಸರಿಯಾಗಿ ಕಳಿಸ್ತಾರಾ?” ಹಿರಿಯರು ಹೆಮ್ಮೆಯಿಂದ ನಗುತ್ತಾರೆ.

ಮೊಹರಕ್ಕ ನಗುವುದಿಲ್ಲ. ಹಾಗೇ ಅವರ ಮುಖ ನೋಡುತ್ತಾಳೆ, ಗಡಿಯಾರ ನೋಡುತ್ತಾಳೆ, ಓಡಿಹೋಗಿ ಬೋಗುಣಿಯಿಂದ ತನ್ನ ಕೈಗಡಿಯಾರ ತಂದು ನೋಡುತ್ತಾಳೆ. ಆಮೇಲೆ ಪತ್ರದ ಪೂರ್ತಿ ವಿವರ ತೆರೆದು, ತಾರೀಕಿನ ಪಕ್ಕ ಬಚ್ಚಿಟ್ಟುಕೊಂಡಿದ್ದ ಗಂಟೆಯನ್ನು ಹುಡುಕುತ್ತಾಳೆ. ಪತ್ರ ಜಾರಿಗೆ ಬರುವುದು ಆರು ನಾಲ್ಕರಿಂದ. ಮೊಹರು ಬಿದ್ದಾಗ ನಿಜವಾದ ಗಂಟೆ ಐದು ನಲವತ್ತೊಂದು, ನೆಟ್‌ವರ್ಕಿನಲ್ಲಿರುವ ತಾಯಿಗೆ ಗೊತ್ತಿದ್ದದ್ದೂ ಅದೇ. ಹುಟ್ಟುವ ಹೊತ್ತು ಬರುವ ಮೊದಲೇ ಮಗುವನ್ನು ಎತ್ತಿಕೊಂಡು ಹೋಗಿ, ಮಾತಾಡು ಮಾತಾಡು ಎಂದು ಪೀಡಿಸಿದ ಹಾಗಾಗಿದೆ. ಆ ಹೊತ್ತು ಬಂತು, ಪತ್ರ ತಾನಾಗಿ ಜೀವ ತಳೆಯಿತು. ಅಂದರೆ ಎರಡೇ ನಿಮಿಷ ಇರುವಾಗ ಪಾರಾದೆವು ಅಂದುಕೊಂಡರಲ್ಲ, ಇನ್ನೂ ಇಪ್ಪತ್ತೈದು ನಿಮಿಷ ಬಾಕಿ ಇತ್ತು! ಮೊಹರಕ್ಕನಿಗೆ ಈಗ ನಗು ಬರುತ್ತದೆ, ತಡೆಯಲಾಗದಷ್ಟು. ಕಣ್ಣಲ್ಲಿ ನೀರೂ ಬರುತ್ತದೆ. ಹಿರಿಯರಿಗೆ ಗಾಬರಿ. “ನಾನೇನಾದ್ರೂ ತಪ್ಪು ಮಾತಾಡಿದ್ನಾ ತಾಯಿ?”

ಪಾಳಿ ಮುಗಿಸಿ ಇಳಿದು ಬಂದ ನರ್ಸ್ ವಿಷಯ ಕೇಳಿ ಪೆನ್ನಿಗೆ ಕೈ ಅಡ್ಡ ಹಿಡಿಯುತ್ತಾರೆ. “ಬರೀಬೇಡಿ ಮೊಹರಕ್ಕ. ಯಾರಿಗೂ ಏನೂ ಆಗಿಲ್ಲ, ಯಾರಿಗೂ ಗೊತ್ತೂ ಇಲ್ಲ. ಆ ಸುತ್ತೋಲೆ ನೋಡಿ. ಲೋಪ ಅಂತ ಹಿಡಿದುಕೊಂಡ್ರೆ ಕಂಪನಿಯವರು ಬಂದು ಕೂರ್ತಾರೆ. ತೊಂದರೆ ಇಲ್ಲ ಅಂತ ಒಂದು ಗೆರೆ ಎಳೆದುಬಿಡಿ.”

ಮೊಹರಕ್ಕ ಅವರ ಕೈಯನ್ನು ಮೆಲ್ಲಗೆ ಸರಿಸುತ್ತಾಳೆ. ಕಾರಣದ ಕಲಂನಲ್ಲಿ ದುಂಡು ಅಕ್ಷರದಲ್ಲಿ ಬರೆಯುತ್ತಾಳೆ: ಅಜ್ಜಿಯ ಬ್ಯಾಟರಿ ಹೋಗಿತ್ತು. ಗೋಡೆ ಗಡಿಯಾರ ಇಪ್ಪತ್ತಮೂರು ನಿಮಿಷ ಮುಂದಿತ್ತು. ಪರೀಕ್ಷಿಸದೆ ನಂಬಿದ್ದು ನಾನು. ಹೀಗಾದರೆ ಮತ್ತೆ ಮೊಹರು ಹಾಕಬೇಡಿ, ಏನನ್ನೂ ಅಳಿಸಬೇಡಿ, ಹೊರಗೆ ಹೋಗಿ ಗಂಟೆ ನೋಡಿಕೊಂಡು ಬನ್ನಿ, ಕಾಯಿರಿ.

ಕೊನೆಯಲ್ಲಿ ಸಹಿ ಹಾಕುತ್ತಾಳೆ. ಬರೆದದ್ದನ್ನು ನರ್ಸ್ ಎರಡು ಸಲ ಓದುತ್ತಾರೆ. ‘ಕಾಯಿರಿ’ ಎಂದು ಯಾರಿಗೆ ಹೇಳಿರುವುದು ಎಂದು ಅವರಿಗೆ ತಿಳಿಯುವುದಿಲ್ಲ.

“ಮುಂದಿನ ಸಲ ಅಜ್ಜಿ ತಾಯಿಗೆ ಹೊಸ ಮೊಹರು ಹಾಕೋದು ಇನ್ನು ಐದು ವರ್ಷಕ್ಕೆ,” ಎನ್ನುತ್ತಾಳೆ ಮೊಹರಕ್ಕ. “ನನ್ನ ರಿಟೈರ್‌ಮೆಂಟು ನಾಲ್ಕು ವರ್ಷಕ್ಕೆ. ಈ ಕುರ್ಚೀಲಿ ಯಾರು ಕೂತಿರ್ತಾರೋ, ಕಂಪನಿಯೋರೋ ನಮ್ಮೋರೋ, ನನಗೇನು ಗೊತ್ತು? ಯಾರೇ ಇರಲಿ ಸಿಸ್ಟರ್, ಎಂದಿನಂತೆ ಅಂತ ಬರೆದಿಟ್ಟು ಹೋಗೋಳಲ್ಲ ನಾನು.”

ಗೋಡೆಯ ಮೇಲೆ ಈಗ ಬರೀ ಮೊಳೆ ಉಳಿದಿದೆ. ಸ್ಟೋರಿಗೆ ಹೋಗುವ ಬೇಡಿಕೆ ಚೀಟಿಯನ್ನು ಮೊಹರಕ್ಕ ಆಗಲೇ ತುಂಬಿಯಾಗಿದೆ. ಗೋಡೆ ಗಡಿಯಾರ, ಒಂದು. ಪಕ್ಕದಲ್ಲಿ ಕಂಸದೊಳಗೆ, ‘ಸರಿಯಾದ ಗಂಟೆ ತೋರಿಸುವಂಥದ್ದು’.