ಕಾಲ್ನಡಿಗೆಗೆ ಇಳಿದ ಕೆರಿಮ್‌ಕುಲ್

ಹಿಮ ಸೊಂಟಮಟ್ಟ ಬಿದ್ದ ವರ್ಷ ನಾನೂರು ಕುರಿಗಳಲ್ಲಿ ಒಂದನ್ನೂ ಕಳೆಯದೆ ಘಾಟಿ ದಾಟಿಸಿ ತಂದವನು ಜೋಲ್ಬೊಲ್ದು. ಅವನ ಮಗ ಒಸ್ಮೊನ್, ಕುದುರೆ ಮೇಲಿನ ಕುಸ್ತಿಯಲ್ಲಿ ಮೂರು ಊರಿನ ಗಂಡಸರನ್ನು ಜೀನಿನಿಂದ ಕೆಡವಿದವನು. ಒಸ್ಮೊನನ ಮಗ ಕಸ್ಮಾಲಿ ಮೂವತ್ತು ಬೇಸಿಗೆ ಹೆಣ್ಣುಕುದುರೆಗಳ ಹಿಂಡನ್ನು ಮೇಲಿನ ಹುಲ್ಲುಗಾವಲಿಗೆ ಹತ್ತಿಸಿದ. ಸತ್ತ ದಿನವೂ ಅವನ ಕಾಲಲ್ಲಿ ಸವಾರಿಯ ಬೂಟಿತ್ತು. ಈ ಕಸ್ಮಾಲಿಯ ಹಿರಿಮಗ ಕೆರಿಮ್‌ಕುಲ್, ನಾರಿನ್ ಎಂಬ ಬೆಟ್ಟಸೀಮೆಯ ಕಡುಚಳಿಯಲ್ಲಿ ಹುಲ್ಲಿನ ಹೊರೆ ಎತ್ತುತ್ತಿದ್ದವನು, ಐವತ್ತೆಂಟನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದ.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದಳು: "ಯಜಮಾನ್ರೇ, ಹಾಸಿಗೆ ಹಿಡಿದು ಮಲಗ್ಬೇಡಿ. ದಿನಾ ನಡೀರಿ. ಮೊದಲು ಬೇಲಿ ತನಕ, ಆಮೇಲೆ ಚೂರು ಚೂರೇ ಜಾಸ್ತಿ. ನಡೀತಾ ಮಾತಾಡೋಕೆ ಉಸಿರು ಸಾಲ್ದಿದ್ರೆ ನಿಂತ್ಬಿಡಿ, ಕೂತ್ಕೊಳ್ಳಿ. ಎದೆ ನೋವು ಬಂದ್ರೆ ತಡಮಾಡ್ದೆ ಕರೀರಿ. ಭಾರ ಎತ್ಬೇಡಿ. ನಾನು ಹೇಳೋ ತನಕ ಕುದುರೆ ಬೇಡ."

"ಜೂನಿಗೆ ಹಿಂಡು ಮೇಲಕ್ಕೆ ಹೊಡೀಬೇಕಲ್ಲಮ್ಮ?"

"ಹೇಳ್ದಂಗೆ ಕೇಳಿ. ಆಗ್ಬಹುದು."

ಆ ಜೂನಿನ ಆಸೆಗೆ ಕೆರಿಮ್‌ಕುಲ್ ನಡೆದ. ಆರು ವಾರಕ್ಕೆ ಬೇಲಿ ದಾಟಿ ಸೇತುವೆ ಮುಟ್ಟಿದ. ಉಸಿರು ಹದಕ್ಕೆ ಬಂತು. ಆದರೆ ಆ ಊರಲ್ಲಿ ಗತಿಯಿಲ್ಲದವನು ಮಾತ್ರ ಕಾಲ್ನಡಿಗೆಯಲ್ಲಿ ತಿರುಗುತ್ತಾನೆ. ನೆರೆಯ ತೊಕ್ತೊಸುನ್ ದಿನವೂ ಜೀನಿನ ಮೇಲಿಂದ ಬಗ್ಗಿ ಕೇಳುವನು: "ಏನಪ್ಪಾ, ಕುದುರೇನ ಕೊಯ್ಕೊಂಡು ತಿಂದ್ಬಿಟ್ಯಾ? ಕಾಲು ಸವೀತದೆ, ಲಾಳ ಹೊಡಿಸ್ಕೋ!"

ಒಂದು ಬೆಳಿಗ್ಗೆ ಕೆರಿಮ್‌ಕುಲ್ ಕುದುರೆಗೆ ಜೀನು ಬಿಗಿದ. ಹೆಂಡತಿ ಬುರುಲ್ ಅಡ್ಡ ಬಂದಳು.

"ಡಾಕ್ಟರಮ್ಮ ಬೇಡ ಅಂದಿದಾಳಲ್ಲ, ಮುದುಕಾ."

"ಪಟ್ಟಣದೋಳಿಗೆ ಕುದುರೆ ವಿಷ್ಯ ಏನು ಗೊತ್ತು? ನಡೆಯೋದು ಅದು, ನಾನು ಕೂತಿರೋನು. ಕೂತ್ಕೋ ಅಂತ ಅವಳೇ ಅಂದಿಲ್ವಾ?"

ಬುರುಲ್ ಕೂಡ ಜೀನಿನ ಮೇಲೆ ಬೆಳೆದವಳೇ. ಮಾತು ಅವಳಿಗೂ ಸರಿಯೆನಿಸಿತು. ಕಾಲಿಡುವ ರಿಕಾಪನ್ನು ತಾನೇ ಹಿಡಿದು ಹತ್ತಿಸಿದಳು.

ನಾಲ್ಕು ದಿನ ಸುಖವಾಗಿತ್ತು. ಐದನೆಯ ದಿನ ಕುದುರೆಮರಿಯೊಂದು ಹಿಂಡು ಬಿಟ್ಟು ದಿಬ್ಬಕ್ಕೆ ಓಡಿತು. ಕೆರಿಮ್‌ಕುಲನ ಹಿಮ್ಮಡಿ ತಾನಾಗಿಯೇ ಕುದುರೆಯನ್ನು ತಿವಿಯಿತು. ಅರ್ಧ ದಿಬ್ಬಕ್ಕೆ ಎದೆ ಹಿಂಡಿತು. ಆಗಲೇ ಇಳಿದು ಕೂತಿದ್ದರೆ! ಕೆಳಗೆ ತೊಕ್ತೊಸುನ್ ನೋಡುತ್ತಿದ್ದ. ಕೆರಿಮ್‌ಕುಲ್ ಹಲ್ಲು ಕಚ್ಚಿ, ಮರಿಯನ್ನು ತಿರುಗಿಸಿಯೇ ಬಿದ್ದ.

ಈ ಸಲ ಡಾಕ್ಟರಮ್ಮ ಬೈಯಲೂ ಇಲ್ಲ. "ಹೃದಯ ಇನ್ನೊಂದಷ್ಟು ಹೋಯ್ತು. ದಿನಕ್ಕೆ ಮೂವತ್ತು ಹೆಜ್ಜೆಯಿಂದ ಮತ್ತೆ ಶುರು ಮಾಡಿ. ಹಿಂಡು ಮಾತ್ರ ಇನ್ನು ನಿಮ್ಮದಲ್ಲ" ಎಂದಳು.

ಜೂನಿನಲ್ಲಿ ಹಿಂಡು ಅವನ ಮನೆ ಮುಂದೆಯೇ ಹೊರಟಿತು. ಮುಂದಾಳು ತಮ್ಮ ಎಸೆನ್‌ಕುಲ್; ತೊಡೆಯ ಕೆಳಗೆ ಅಣ್ಣನದೇ ಕುದುರೆ. ಅಂಗಳದಲ್ಲಿ ಕೋಲೂರಿ ನಿಂತ ಅಣ್ಣನನ್ನು ಕಂಡು ಇಳಿದು ಬಂದ.

"ಅಣ್ಣಾ, ಲಾರೀಲಿ ಪಾತ್ರೆ, ಕಂಬಳಿ ಮಧ್ಯೆ ಜಾಗ ಮಾಡಿದೀನಿ. ಬಾ, ಎತ್ತಿ ಕೂರಿಸ್ತೀನಿ. ಸುಮ್ನೆ ಕೂತು ನೋಡ್ತಿರು."

ಕಂಕುಳಿಗೆ ಬಂದ ಕೈಯನ್ನು ಕೆರಿಮ್‌ಕುಲ್ ಮೊಣಕೈಯಿಂದ ತಳ್ಳಿದ.

"ತೆಗಿ ಕೈ. ಪಾತ್ರೆ ಜೊತೆ ಹೋಗೋಕೆ ನಾನೇನು ಕೊಳಗಾನಾ? ಹದಿನೆಂಟು ಹೆಜ್ಜೆ ಆಗಿದೆ, ಇನ್ನು ಹನ್ನೆರಡು ಇದೆ. ನಿಮ್ಮ ಧೂಳಲ್ಲಿ ಉಸಿರು ಕಟ್ತದೆ. ಬೇಗ ಹೋಗ್ರೋ, ನಾನೊಬ್ನೇ ನಡ್ಕೋತೀನಿ."