ಗಂಜಿಯ ತೂಕ

ಚಿನ್ನದ ಕೆಲಸದವರ ಮನೆಯಲ್ಲಿ ಹುಟ್ಟಿದವರಿಗೆ ಬಟ್ಟೆ ಆರಿಸಿ ಕೊಳ್ಳಲು ಬರುವುದಿಲ್ಲ. ನಮಗೆ ಕಣ್ಣಿಗಿಂತ ಅಂಗೈ ಮೇಲೆ ನಂಬಿಕೆ. ಕೆ.ಆರ್. ಪೇಟೆಯ ಅಂಗಡಿಯಲ್ಲಿ ಕೂತು ನನ್ನಪ್ಪ ತಕ್ಕಡಿ ಮುಟ್ಟದೆ ಓಲೆಯ ತೂಕ ಹೇಳುತ್ತಿದ್ದರು. ಒಳಗೆ ಅರಗು ತುಂಬಿ ಭಾರ ಮಾಡಿದ ಒಡವೆಯನ್ನು ಯಾರಾದರೂ ತಂದರೋ, ಅವರ ಮಾನ ಅಲ್ಲೇ ಹರಾಜು. ಅಂಥ ಕೈಗೆ ಒಂದು ಪಂಚೆ ಯಾವ ಲೆಕ್ಕ?

ನನ್ನ ಮದುವೆಯಲ್ಲಿ ಬೀಗರಿಗೆ ಕೊಡುವ ಪಂಚೆ ತರಲು ಅಪ್ಪನೂ ನಾನೂ ಪಾಂಡವಪುರಕ್ಕೆ ಹೋದೆವು. ನಾಗಮಂಗಲದ ನನ್ನ ಮಾವ ಮರಗೆಲಸದವರು, ಅಳತೆಯಲ್ಲಿ ಕೂದಲೆಳೆಯಷ್ಟೂ ಬಿಡದ ಮನುಷ್ಯ. ಅವರೆದುರು ತಲೆ ತಗ್ಗಿಸುವಂತಾಗಬಾರದು ಎಂಬುದೊಂದೇ ಅಪ್ಪನ ಚಿಂತೆ. ಅಂಗಡಿಯವನು ಮೊದಲು ಮೇಲುಕೋಟೆ ಕಡೆಯ ಕೈಮಗ್ಗದ್ದನ್ನು ಹಾಸಿದ. ಮೆತ್ತಗೆ, ಹಗುರವಾಗಿತ್ತು.

"ಇದೇನ್ಲಾ, ಕೈಲಿ ಅದೋ ಇಲ್ವೋ ಗೊತ್ತಾಗಕಿಲ್ಲ," ಎಂದು ಅಪ್ಪ ತಳ್ಳಿದರು.

ಅವನು ಕಿಲಾಡಿ. ತಗಡಿನಂತೆ ಸೆಟೆದ ಇನ್ನೊಂದನ್ನು ಇಳಿಸಿ, "ಒಂದು ಚದರ ಮೀಟ್ರಿಗೆ ಇನ್ನೂರು ಗ್ರಾಂ, ಆಚಾರ್ರೆ," ಎಂದ. ಗ್ರಾಂ ಎನ್ನುವುದು ಕಿವಿಗೆ ಬಿದ್ದದ್ದೇ ತಡ, ಅಪ್ಪ ನೆಟ್ಟಗೆ ಕೂತರು. ಪಂಚೆಯನ್ನು ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ ತೂಗಿದರು. ಮಡಿಕೆಯಿಂದ ಬಿಳಿ ಪುಡಿ ಉದುರುತ್ತಿತ್ತು.

"ಗಂಜಿ ಜಾಸ್ತಿ ಅದೆ ಕಣಪ್ಪ, ಬೆಳಕ್ಗೆ ಇಡ್ಕಂಡು ನೋಡು," ಎಂದೆ.

"ಸುಮ್ಕಿರವ್ವ. ನಲ್ವತ್ತು ವರ್ಸದಿಂದ ತೂಗಿರೋ ಕೈ ಇದು."

ಅಪ್ಪ ಅದನ್ನೇ ಕಟ್ಟಿಸಿದರು. ಅವರಿಗೊಮ್ಮೆ ಸರಿಯಾಗಿ ಆಗಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮದುವೆಯಾಗಿ ತಿಂಗಳಿಗೆ ಮಾವ ನನ್ನನ್ನು ತವರಿಗೆ ಬಿಡಲು ಬಂದವರು ನೇರ ಅಪ್ಪನ ಅಂಗಡಿಗೆ ನಡೆದರು. ಒಗೆದ ಪಂಚೆಯನ್ನು ಚೀಲದಿಂದ ತೆಗೆದು ಅಪ್ಪನ ಅಂಗೈ ಮೇಲಿಟ್ಟರು. ಅಪ್ಪಟ ಸೊಳ್ಳೆಪರದೆ.

"ಉಟ್ಕಂಡು ಬಿಸ್ಲಲ್ಲಿ ನಿಂತಿದ್ದೆ ಬೀಗ್ರೆ, ಊರೋರೆಲ್ಲ ನೋಡ್ಬುಟ್ರು. ಹಸಿ ಮರನೂ ಒಳ್ಳೆ ತೂಕ ಇರ್ತದೆ, ಒಣಗುದ್‌ ಮ್ಯಾಲೆ ತಾನೆ ಗೊತ್ತಾಗದು," ಎಂದು ನಕ್ಕರು.

ನನಗೆ ಖುಷಿಯಾಗಬೇಕಿತ್ತು. ಅಪ್ಪನ ಮುಖ ನೋಡಿ ಆಗಲಿಲ್ಲ. ಅವರು ಪಂಚೆಯನ್ನೊಮ್ಮೆ, ತಮ್ಮ ಅಂಗೈಯನ್ನೊಮ್ಮೆ ನೋಡಿದರು.

"ಬಟ್ಟೆಗೂ ಅರಗು ತುಂಬ್ತಾರಾ ಬೀಗ್ರೆ?" ಎಂದು ಕೇಳಿದರು.

ಅಷ್ಟರಲ್ಲಿ ಒಬ್ಬಾಕೆ ಓಲೆ ಮಾರಲು ಬಂದಳು. ಅಪ್ಪ ಅದನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ ತಕ್ಕಡಿಯನ್ನು ಎಳೆದುಕೊಂಡು, ಧೂಳು ಒರೆಸಿದರು.