ರಂಗತ್ತೆ ಕೇಳುತ್ತಿದ್ದ ಕಾಗದ

ಯಾವ ಕಾಗದವೇ ಆಗಲಿ, ಕೈಗೆ ಬಂದ ಕೂಡಲೇ ರಂಗತ್ತೆ ಅದರ ಒಂದು ಮೂಲೆಯನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲೆಯಡಿಕೆ ಅಗಿಯುವವರಂತೆ ನಾಲ್ಕು ಸಲ ಅಗಿದು, ಬೆರಳ ತುದಿಗೆ ತೆಗೆದುಕೊಂಡು, ತಿಕ್ಕಿ ನೋಡಿ ತೀರ್ಪು ಹೇಳುತ್ತಿದ್ದರು. “ಇದು ನೆನೀತದೆ.” ಇಲ್ಲವಾದರೆ, “ಇದು ಮೊಂಡು, ಒಲೆಗಾಕು.” ನಾನು ಪ್ರೌಢಶಾಲೆ ಮುಗಿಸಿ ಅಂಕಪಟ್ಟಿಯನ್ನು ತೋರಿಸಲು ಹೋದ ದಿನ ಅದರ ಮೂಲೆಯ ಕಡೆಗೂ ಅವರ ಬೆರಳು ಹೋಗಿತ್ತು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅವರು ಬೇಸರಪಡಲಿಲ್ಲ. “ಒಳ್ಳೆ ಗಟ್ಟಿ ಕಾಗದ ಕಣಪ್ಪ. ಇಂಥವು ನಾಕು ತಂದಿದ್ರೆ ಒಂದು ಬುಟ್ಟಿ ಆಗ್ತಿತ್ತು” ಎಂದರು. ನಮ್ಮ ವಂಶದಲ್ಲಿ ಅಂಥದ್ದು ಅದೊಂದೇ ಇತ್ತು.

ತ್ಯಾಮಗೊಂಡ್ಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದುದು ಒಂದು ಮಣ್ಣಿನ ಗೋಡೆ. ರಕ್ತಸಂಬಂಧವಿರಲಿಲ್ಲ. ನನ್ನ ತಂದೆಯನ್ನು ಅವರು ಅಣ್ಣ ಎಂದು ಕರೆಯುತ್ತಿದ್ದುದರಿಂದ ನನಗೆ ಅತ್ತೆಯಾದರು. ಎದುರಿಗೆ ನಾನು ಅವರನ್ನು ‘ನೀನು’ ಎಂದೇ ಮಾತನಾಡಿಸುತ್ತಿದ್ದೆ. ಬರೆಯುವಾಗ ಬಹುವಚನವೇ ಉಚಿತವೆಂದು ತೋರುತ್ತದೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವರು, ಮಗ ಮುನಿಯ ಮತ್ತು ಒಂದು ಹಸು.

ರಂಗತ್ತೆಯ ಬುಟ್ಟಿಗಳನ್ನು ಬಲ್ಲವರು ಈಗ ಕಡಿಮೆ. ಹರಿದ ಕಾಗದವನ್ನು ಮೂರು ದಿನ ಬಾನಿಯಲ್ಲಿ ನೆನೆಹಾಕಿ, ಹಿಂಡಿ, ನೆನೆದ ಮೆಂತ್ಯದ ಜೊತೆಗೆ ಒರಳಿನಲ್ಲಿ ಅರೆಯುತ್ತಿದ್ದರು. ಮೆಂತ್ಯದ ಕಹಿಗೆ ಹುಳು ಬರುವುದಿಲ್ಲವೆಂಬುದು ಅವರ ಅನುಭವ. ಬೋರಲು ಹಾಕಿದ ಕುಡಿಕೆಗೆ ಹಳೆಯ ಬಟ್ಟೆ ಸುತ್ತಿ, ಅದರ ಮೇಲೆ ಆ ಹಿಟ್ಟನ್ನು ರೊಟ್ಟಿ ತಟ್ಟಿದಂತೆ ತಟ್ಟುತ್ತಿದ್ದರು. ನಾಲ್ಕು ದಿನದ ಬಿಸಿಲಿಗೆ ಒಣಗಿದ ಮೇಲೆ ಕುಡಿಕೆಯನ್ನು ಒಳಗಿನಿಂದ ಬಿಡಿಸಿಕೊಂಡರೆ ಹಗುರವಾದ ಬುಟ್ಟಿ ಉಳಿಯುತ್ತಿತ್ತು. ಮೇಲೆ ಹುಣಿಸೆಬೀಜದ ಅಂಟಿನಿಂದ ಒಂದು ಪದರ ಕಾಗದ, ಅದರ ಮೇಲೆ ಕತ್ತರಿಸಿದ ಗಿಳಿ, ಬಳ್ಳಿ, ಮೊಗ್ಗು. ಬಣ್ಣಕ್ಕೆಂದು ಅಂಗಡಿಗೆ ಹೋದವರಲ್ಲ. ಅರಿಶಿನ, ಒಲೆಯ ಮಸಿ, ಬಟ್ಟೆಗೆ ಹಾಕುವ ನೀಲಿ, ಇಷ್ಟರಲ್ಲೇ ಅವರ ಗಿಳಿಗಳು ಹಸಿರಾಗುತ್ತಿದ್ದವು. ಗೌರಿಹಬ್ಬ ಬಂತೆಂದರೆ ನಾಲ್ಕು ಬೀದಿಯ ಹೆಂಗಸರು ಕಾಗದದ ಹೂವಿಗೆಂದು ಅವರ ಜಗುಲಿಗೆ ಬರುತ್ತಿದ್ದರು. ಯಾರಾದರೂ ಕೆಲಸ ಕಲಿಸು ಎಂದರೆ, “ಕಲಿಯೋದೇನೈತೆ, ಕೈ ಕೊಳೆ ಆಗ್ಲಿ ಅನ್ನೋ ಮನಸಿದ್ರೆ ಸಾಕು” ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುನಿಯ ಮಿಲಿಟರಿಗೆ ಸೇರಿದ. ಅವನೂ ನಾನೂ ಒಂದೇ ವಯಸ್ಸಿನವರು. ನಾಲ್ಕನೆಯ ತರಗತಿಯವರೆಗೆ ಒಂದೇ ಮಣೆಯ ಮೇಲೆ ಕುಳಿತವರು. ಆಮೇಲೆ ಅವನು ಹಸುವಿನ ಹಿಂದೆ ಹೋದ, ನಾನು ಪುಸ್ತಕದ ಹಿಂದೆ ಹೋದೆ. ಹೊರಡುವ ದಿನ ಅವನು ತಾಯಿಗೆ ಹೇಳಿದ್ದು ಒಂದೇ ಮಾತೆಂದು ರಂಗತ್ತೆ ಆಮೇಲೆ ನನಗೆ ಹೇಳಿದರು: “ಕಾಗದ ಬರೀತೀನಿ ಕಣವ್ವ.”

ಮೊದಲನೆಯ ಕಾಗದ ಬಂದಾಗ ನಾನು ಕಾಲೇಜಿಗೆ ಸೇರುವುದಕ್ಕೆ ಕಾಯುತ್ತ ಊರಿನಲ್ಲಿದ್ದೆ. ರಂಗತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಎರಡು ಕೈಯಲ್ಲಿ ಹಿಡಿದು ತಂದರು. ಅದರ ನಾಲ್ಕು ಮೂಲೆಗಳೂ ನೆಟ್ಟಗಿದ್ದವು. ನಾನು ಗಂಟಲು ಸರಿಪಡಿಸಿಕೊಂಡು ಓದಿದೆ. “ಅವ್ವಾ, ನಾನು ಹುಷಾರು. ಹಸು ಹುಷಾರಾ? ಕರುವಿಗೆ ಹಾಲು ಬಿಡು. ಹೊಟ್ಟೆ ತುಂಬ ಉಣ್ಣು. ಇಲ್ಲಿ ಮಳೆ ಜಾಸ್ತಿ.”

ಅವರು ಕೇಳಿದರು: “ಇದು ಮುನಿಯ ಬರ್ದಿರೋದಾ?”

ಹೌದು, ಕೆಳಗೆ ಅವನ ಹೆಸರೇ ಇದೆ ಎಂದೆ.

“ಅವನು ಯಾವತ್ತು ಇಂಗೆ ಮಾತಾಡಿದ್ದ? ಯಾರೋ ಮೇಷ್ಟ್ರು ಮಾತಾಡ್ದಂಗೈತೆ.”

ಆಗ ನಾನು ವಿಷಯವನ್ನು ವಿವರಿಸಬೇಕಾಯಿತು. ಮುನಿಯನಿಗೆ ಹಕಾರ ಬರುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೂ ತಡವರಿಸಿಯೇ ಬರುತ್ತಿತ್ತು. ಆಡುವಂತೆಯೇ ಬರೆದಿದ್ದ ಅವನು. ಪತ್ರದಲ್ಲಿ ಆರು ಕಾಗುಣಿತದ ತಪ್ಪುಗಳಿದ್ದವು, ಅವನ್ನೆಲ್ಲ ತಿದ್ದಿಕೊಂಡು ಓದಿದ್ದೇನೆ ಎಂದು ನಾನು ಬೆರಳು ಮಡಿಸಿ ಎಣಿಸಿ ತೋರಿಸಿದೆ.

“ತಪ್ಪಿರೋ ಕಡೆ ತಪ್ಪಾಗೇ ಓದಪ್ಪ” ಎಂದರು ರಂಗತ್ತೆ.

ಓದಿದೆ. “ಅವ್ವಾ, ನಾನು ಉಸಾರು. ಅಸ ಉಸಾರಾ? ಕರುಗೆ ಆಲು ಬಿಡು. ಒಟ್ಟೆ ತುಂಬ ಉಣ್ಣು.” ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ‘ಅಸ ಉಸಾರಾ’ ಎಂಬುದನ್ನು ಇನ್ನೊಂದು ಸಲ ಓದಿಸಿದರು. “ಊಂ. ಈಗ ಅವ್ನೇ” ಎಂದು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಮೂರು ತಿಂಗಳ ಮೇಲೆ ಎರಡನೆಯದು ಬಂತು. ಅದರಲ್ಲಿಯೂ ಬಹುಮಟ್ಟಿಗೆ ಅದೇ ಮಾತುಗಳು. ಆಮೇಲೆ ಬರಲಿಲ್ಲ.

ನಮ್ಮ ಊರಿಗೆ ಟಪಾಲು ಹಂಚುತ್ತಿದ್ದವರು ಗಫೂರ್ ಸಾಹೇಬರು. ವಯಸ್ಸಾದವರು, ಮೃದು ಮನಸ್ಸಿನವರು. ರಂಗತ್ತೆ ದಿನವೂ ಹೊಸ್ತಿಲಲ್ಲಿ ನಿಂತು, “ಸಾಬ್ರೇ, ಕಾಗದ ಐತಾ?” ಎಂದು ಕೇಳುವುದು, ಅವರು ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುವುದು ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಒಂದು ದಿನ ಸಾಹೇಬರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲವೆಂದು ಕಾಣುತ್ತದೆ. ಪಾರ್ಸೆಲ್ಲಿಗೆ ಸುತ್ತಿದ್ದ ಕಂದು ಕಾಗದವನ್ನು ಚೀಲದಿಂದ ತೆಗೆದು, “ಐತೆ ಮಾ, ತಗೊಳ್ಳಿ ಕಾಗದ” ಎಂದು ಕೊಟ್ಟರು. ರಜೆಗೆ ಬಂದಿದ್ದ ನಾನು ನಮ್ಮ ಜಗುಲಿಯ ಮೇಲಿದ್ದೆ. ರಂಗತ್ತೆ ಅದನ್ನು ತೆಗೆದುಕೊಂಡು, ನೋಡಿ, ಮೂಲೆ ಚಿವುಟಿ ಬಾಯಿಗೆ ಹಾಕಿಕೊಂಡರು. “ನೆನೀತದೆ” ಎಂದರು.

ಅಂದಿನಿಂದ ಅವರ ಪ್ರಶ್ನೆಗೆ ಪ್ರತಿದಿನವೂ ಏನಾದರೊಂದು ಉತ್ತರ ಸಿಗತೊಡಗಿತು. ಹಳೆಯ ಲಕೋಟೆ, ಹರಿದ ಪಟ್ಟಿ, ಚೀಟಿ. ಕಾಗದದ ಅಭಾವದ ಕಾಲ ಅದು. ಶೆಟ್ಟರ ಅಂಗಡಿಯಲ್ಲಿ ಬೆಲ್ಲವನ್ನೂ ಮುತ್ತುಗದ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಆದರೂ ಜನ ತಂದು ಕೊಡುತ್ತಿದ್ದರು. ಊರು ಅವರಿಗೆ ಕಾಗದದ ರಂಗಮ್ಮ ಎಂದು ಹೆಸರಿಟ್ಟಿತು. ಬಾವಿಕಟ್ಟೆಯಲ್ಲಿ ಒಬ್ಬಾಕೆ, “ತಿನ್ನಾಕೆ ಮೆಂತ್ಯ ಇಲ್ದಿರೋ ಕಾಲ್ದಲ್ಲಿ ಬುಟ್ಟಿಗೆ ತಿನ್ಸ್ತಾಳೆ ನೋಡವ್ವ” ಎಂದಳಂತೆ. ಅದಕ್ಕೆ ರಂಗತ್ತೆ, “ನನ್ನ ಬುಟ್ಟಿ ನಿನ್ನಂಗೆ ಮಾತಾಡಲ್ವಲ್ಲ, ಅದುಕ್ಕೇ ಇಕ್ತೀನಿ” ಎಂದರಂತೆ.

ನಾನು ಆಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸು ಏರುದಾರಿಯಲ್ಲಿ ನಿಂತರೆ ಇಳಿದು ತಳ್ಳುತ್ತ ರಜೆಗೆ ಊರಿಗೆ ಬರುತ್ತಿದ್ದೆ. ಪ್ರತಿ ಸಲವೂ ಮುನಿಯನ ಎರಡು ಕಾಗದಗಳನ್ನು ಹೊರಗೆ ತೆಗೆದು ಓದಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ ಮೊದಲೇ ಎಚ್ಚರಿಸುತ್ತಿದ್ದರು: “ತಪ್ಪಾಗೇ ಓದು.” ಆ ಪತ್ರಗಳು ನನಗೆ ಬಾಯಿಪಾಠವಾದವು.

ಅಂಥ ಒಂದು ರಜೆಯಲ್ಲಿ ನಾನು ಅವರಿಗೆ ಒಂದು ಪದವನ್ನು ಕಲಿಸಲು ಹೋದೆ. ಬರೆದು ಕಳಿಸಿದ್ದು ಪತ್ರ, ಬರೆಯದೆ ಇರುವುದು ಕಾಗದ. ಸಾಹೇಬರನ್ನು ‘ಪತ್ರ ಇದೆಯೇ’ ಎಂದು ಕೇಳಿದರೆ ಗೊಂದಲವಿರುವುದಿಲ್ಲ ಎಂದು ತಿಳಿಸಿ ಹೇಳಿದೆ.

“ಪತ್ರ ಅಂದ್ರೆ ಜಮೀನು ಬರಕೊಡೋದಲ್ವೇನಪ್ಪ? ನನ್ನತ್ರ ಏನೈತೆ ಬರಕೊಡಾಕೆ?” ಎಂದು ಅವರು ನಕ್ಕರು. ಕತ್ತರಿಯಲ್ಲಿ ಒಂದು ಎಲೆಯ ಅಂಚನ್ನು ಮುಗಿಸಿದ ಮೇಲೆ ಹೇಳಿದರು: “ಕಾಗದ ಅಂತ್ಲೇ ಕೇಳ್ತೀನಿ ಬಿಡು. ಅಂಗಂದ್ರೆ ಏನಾರ ಒಂದು ಸಿಕ್ತದೆ.”

ಆ ದಿನ ಅವರು ಕತ್ತರಿಸುತ್ತಿದ್ದುದು ಬಾಗಿಲಿಗೆ ಕಟ್ಟುವ ತೋರಣ. ಟಪಾಲಿನ ಕಾಗದಕ್ಕೆ ಅರಿಶಿನ ಮತ್ತು ನೀಲಿ ಬಳಿದು ಮಾಡಿದ ಮಾವಿನ ಎಲೆಗಳು. ನಡುವಿನ ನರವನ್ನೂ ಉಗುರಿನಿಂದ ಗೀರಿ ಮೂಡಿಸಿದ್ದರು. ತೋಪಿನಲ್ಲಿ ಬೇಕಾದಷ್ಟು ಮಾವಿನ ಸೊಪ್ಪಿರುವಾಗ ಈ ಶ್ರಮವೇಕೆ ಎಂದು ಕೇಳಿದೆ. “ಸೊಪ್ಪು ಮೂರು ದಿನಕ್ಕೆ ಒಣಗ್ತದೆ. ಅವನು ಯಾವತ್ತು ಬತ್ತಾನೋ, ಬಂದ ದಿನ ಬಾಗ್ಲು ಬೋಳಾಗಿರಬಾರ್ದಲ್ಲ” ಎಂದರು. ಸ್ವರದಲ್ಲಿ ಏರಿಳಿತವಿರಲಿಲ್ಲ. ಅಂಟು ಆರಿದೆ ಎಂದು ಹೇಳುವಾಗಲೂ ಅದೇ ಸ್ವರ.

ಬೆಂಗಳೂರಿನಲ್ಲಿ ನನ್ನ ಶ್ರಮ ಬೇರೆಯಾಗಿತ್ತು. ತರಗತಿಯಲ್ಲಿ ಎದ್ದು ನಿಂತು ‘ಹಳಗನ್ನಡ’ ಎನ್ನಬೇಕಾದ ಕಡೆ ‘ಅಳಗನ್ನಡ’ ಎಂದುಬಿಟ್ಟಿದ್ದೆ. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಬಂದು ತಲುಪಿತು. ಆಮೇಲೆ ಪ್ರತಿ ಬೆಳಿಗ್ಗೆ ವಿದ್ಯಾರ್ಥಿನಿಲಯದ ಕೊಳಾಯಿಯ ಹತ್ತಿರ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹಾಲು, ಹುಲ್ಲು, ಹಸು, ಹೊಟ್ಟೆ’ ಎಂದು ಅಭ್ಯಾಸ ಮಾಡಿದೆ. ಉಸಿರು ಅಂಗೈಗೆ ತಗುಲಿದರೆ ಹಕಾರ ಬಂದಿತೆಂದು ಅರ್ಥ. ಬರುವುದಕ್ಕೆ ಎರಡು ವರ್ಷ ಬೇಕಾಯಿತು.

ಬರಬರುತ್ತ ರಜೆಗಳಲ್ಲಿ ನಾನು ಊರಿಗೆ ಹೋಗುವುದು ಕಡಿಮೆಯಾಯಿತು. ಮನೆಪಾಠ ಹೇಳುತ್ತಿದ್ದೆ, ಅದು ನಿಜವಾದ ಕಾರಣ, ಆದರೆ ಅದೊಂದೇ ಕಾರಣವಲ್ಲ. ಬರೆದು ಮುಗಿದ ನೋಟುಪುಸ್ತಕಗಳನ್ನು ಕಟ್ಟು ಕಟ್ಟಿ ಬಸ್ಸಿನ ಕಂಡಕ್ಟರ್ ನಂಜುಂಡಪ್ಪನ ಕೈಯಲ್ಲಿ ರಂಗತ್ತೆಗೆ ಕಳಿಸುತ್ತಿದ್ದೆ. ಅವನು ಮುಂದಿನ ವಾರ ಸಿಕ್ಕಿದಾಗ, “ಕಾಗದ ಬಂತು ಅಂತ ಏಳು ಅಂದ್ರು” ಎಂದು ಒಪ್ಪಿಸುತ್ತಿದ್ದ. ಅದರಿಂದ ನನಗೆ ಸಮಾಧಾನವಾಗುತ್ತಿತ್ತು.

ಯುದ್ಧ ಮುಗಿಯಿತು. ಸುತ್ತಲಿನ ಹಳ್ಳಿಗಳ ಕೆಲವರು ಟ್ರಂಕು ಹೊತ್ತು ಹಿಂದಿರುಗಿದರು. ಮುನಿಯ ಬರಲಿಲ್ಲ. ಸತ್ತನೆಂಬ ತಂತಿಯೂ ಬರಲಿಲ್ಲ. ಯಾರನ್ನು ವಿಚಾರಿಸಿದರೂ ಬೇರೆ ಯಾರನ್ನೋ ವಿಚಾರಿಸಬೇಕೆಂದು ಹೇಳಿದರು.

ಬಿ.ಎ. ಫಲಿತಾಂಶ ಬಂದ ಮೇಲೆ, ಒಂದು ವರ್ಷದಿಂದ ಹೋಗದಿದ್ದ ಊರಿಗೆ ಹೋದೆ. ಕಂಕುಳಲ್ಲಿ ನೋಟುಪುಸ್ತಕಗಳ ದೊಡ್ಡ ಕಟ್ಟು ಇತ್ತು. ರಂಗತ್ತೆಯ ಬಾಗಿಲಿನಲ್ಲಿ ತೋರಣವಿರಲಿಲ್ಲ. ಮೊಳೆಗಳು ಮಾತ್ರ ಇದ್ದವು. ಅವರು ಒರಳಿನ ಮುಂದೆ ಕುಳಿತಿದ್ದರು. ಕೈ ನಿಲ್ಲಿಸದೆ ಕೇಳಿದರು: “ಕಾಗದ ತಂದ್ಯಾ?”

ತಂದಿದ್ದೇನೆಂದು ಕಟ್ಟನ್ನು ಇಟ್ಟೆ. ಒಂದು ಹಾಳೆಯ ಮೂಲೆ ಚಿವುಟಿ ಬಾಯಿಗೆ ಹಾಕಿಕೊಂಡರು. ನೆನೆಯುತ್ತದೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಪಾಸಾದ ವಿಷಯ ತಿಳಿಸಿದೆ. ಒಳ್ಳೆಯದಾಯಿತು ಎಂದರು. ಸ್ವಲ್ಪ ಹೊತ್ತಿನ ಮೇಲೆ ನಾನೇ, ಮುನಿಯನ ಕಾಗದ ತೆಗೆದುಕೊಂಡು ಬಾ, ಓದುತ್ತೇನೆ ಎಂದೆ.

“ಅವನ್ನ ನೆನೆಯಾಕ್ಬಿಟ್ಟೆ” ಎಂದರು.

ಏಕೆ ಎಂದು ಕೇಳಿದೆ.

“ನೀನು ಬರ್ನಿಲ್ಲ. ಗೌರಿ ಅಬ್ಬದಲ್ಲಿ ಇಸ್ಕೂಲಿಗೆ ಒಸದಾಗಿ ಬಂದವ್ರಲ್ಲ ಮೇಷ್ಟ್ರು, ಅವರ ಕೈಲಿ ಓದಿಸ್ದೆ. ಸರಿಯಾಗಿ ಓದುದ್ರು.” ಒರಳಿನ ಗುಂಡು ಎರಡು ಸುತ್ತು ತಿರುಗಿತು. “ತಪ್ಪಾಗಿ ಓದಿ ಸ್ವಾಮಿ ಅಂತ ಕೇಳ್ಕಂಡೆ. ತಪ್ಪು ಯಾಕಮ್ಮ ಓದ್ಲಿ ಅಂತ ಇನ್ನೊಂದು ಕಿತಾ ಸರಿಯಾಗೇ ಓದುದ್ರು. ಆಮೇಲೆ ಅದು ಯಾರ್ದೋ ಕಾಗದ ಆಗ್ಬಿಡ್ತು. ಮಿಲಿಟ್ರಿ ಕಾಗದ, ಬೇಗ ನೆಂದೋಯ್ತು. ತೋರಣಾನೂ ಅದರ ಜೊತೆಗೇ ಆಕ್ದೆ.”

ಯಾವ ಬುಟ್ಟಿ ಮಾಡಿದೆ ಎಂದು ಕೇಳಿದೆ. ಎಲ್ಲದರ ಜೊತೆ ಬೆರೆತುಹೋಯಿತು, ಗುರುತಿಲ್ಲ ಎಂದರು.

ನನಗೆ ಬಾಯಿಗೆ ಬರುತ್ತದೆ, ನೋಡದೆಯೇ ಹೇಳುತ್ತೇನೆ ಎಂದೆ. ಅವರ ಕೈ ಆಗ ನಿಂತಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತರು, ಕಣ್ಣು ಮುಚ್ಚಿದರು. ನಾನು ಶುರುಮಾಡಿದೆ.

“ಅವ್ವಾ, ನಾನು ಹುಷಾರು.”

ನಿಲ್ಲಿಸಿದೆ. ಅವರು ಕಣ್ಣು ತೆರೆಯಲಿಲ್ಲ. ಮತ್ತೆ ಪ್ರಯತ್ನಿಸಿದೆ. ಎರಡನೆಯ ಸಲ ‘ಉ’ ಎಂಬ ಅಕ್ಷರವನ್ನು ಎಚ್ಚರದಿಂದ ಹಿಡಿದು ಹೇಳಿದೆ. ಅದು ಕಾಲೇಜಿನ ವಾರ್ಷಿಕೋತ್ಸವದ ನಾಟಕದಲ್ಲಿ ಹುಡುಗರು ಹಳ್ಳಿಯವನ ಮಾತನ್ನು ಅಣಕಿಸುವಂತೆ ಕೇಳಿಸಿತು. ‘ಅಸ’ದವರೆಗೂ ಹೋಗಲಿಲ್ಲ.

ರಂಗತ್ತೆ ಕಣ್ಣು ತೆರೆದರು. ನನ್ನ ಮೇಲೆ ಕೋಪವೇನೂ ಕಾಣಲಿಲ್ಲ. “ಇರ್ಲಿ ಬಿಡಪ್ಪ. ಓದಿದೋನು ನೀನು” ಎಂದರು. ಮತ್ತೆ ಒರಳಿನ ಮುಂದೆ ಕುಳಿತರು. ನಾನು ತಂದ ಕಟ್ಟಿನ ದಾರ ಬಿಚ್ಚಿ, ಹಾಳೆಗಳನ್ನು ಒಂದೊಂದಾಗಿ ಹರಿದು ಬಾನಿಗೆ ಹಾಕತೊಡಗಿದರು. ನಾನೂ ಸ್ವಲ್ಪ ಹರಿದುಕೊಟ್ಟೆ. ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಆಮೇಲೆ ನನಗೆ ಬೆಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಂಜುಂಡಪ್ಪ ಕಚೇರಿಯ ಬಾಗಿಲಿಗೆ ಬಂದು ನಿಂತಿದ್ದ. ಕೈಯಲ್ಲಿ ಮುಚ್ಚಳವಿದ್ದ ಒಂದು ಕಾಗದದ ಬುಟ್ಟಿ. ಅದರ ಮೇಲೆ ಗಿಳಿಯಿರಲಿಲ್ಲ, ಬಳ್ಳಿಯಿರಲಿಲ್ಲ, ಬಣ್ಣವೂ ಇರಲಿಲ್ಲ. ತೆರೆದು ನೋಡಿದೆ. ಒಳಗೆ ಮೆಂತ್ಯದ ವಾಸನೆಯ ಹೊರತು ಏನೂ ಇರಲಿಲ್ಲ.

“ಕಾಗದ ಕಳಿಸ್ತಿದ್ನಲ್ಲ ಆ ಉಡುಗ, ಅವ್ನಿಗೆ ಕೊಟ್ಬಿಡು ಅಂದಿದ್ರು” ಎಂದ ನಂಜುಂಡಪ್ಪ. ಆಮೇಲೆ, “ರಂಗಮ್ಮ ಓಗ್ಬಿಟ್ರು, ಸ್ವಾಮಿ” ಎಂದ.

ಒಳಗೆ ನನ್ನ ಜೊತೆಯ ಗುಮಾಸ್ತರು ಕುಳಿತಿದ್ದರು. “ಯಾವಾಗ ಹೋದರು?” ಎಂದು ಕೇಳಿದೆ. ಹಕಾರ ಸರಿಯಾಗಿಯೇ ಬಂತು.